ತಾಲೀಮು

ವಲೆನ್ಸಿಯಾದ ನಕಾಶೆಗೆ ಮೇಜು ಸಾಲಲಿಲ್ಲ.
ಒಂದು ಅಂಚು ಕಾಫಿ ಲೋಟದ ಕೆಳಗೆ,
ಸಮುದ್ರ ಪೂರ್ತಿ ಶಮ್ಶಾದಳ ಮಡಿಲಿಗೆ.
ಮೂವತ್ತೆರಡು ವರ್ಷ ಅಂಚೆ ವಿಂಗಡಿಸಿದ ಕೈ ನಮ್ಮವು,
ಬಡಾವಣೆ ಅಂದರೆ ಮರದ ಒಂದು ಖಾನೆ.

ಎಲ್ ಕಾರ್ಮೆನ್: ಹಳೇ ಊರು, ಕೋಟೆ ಬಾಗಿಲು,
ರಾತ್ರಿ ಮೂರಕ್ಕೂ ಬೀದಿಯಲ್ಲಿ ಕುರ್ಚಿ ಎಳೆಯುವ ಸದ್ದು.
‘ಗಾಂಧಿ ಬಜಾರು’ ಅಂದಳು ಶಮ್ಶಾದ್,
‘ಶಟರ್ ಎಳೆಯೋದು ಮರೆತ ಗಾಂಧಿ ಬಜಾರು.’
ರುಸಾಫಾ: ನಡುವೆ ಮಾರ್ಕೆಟ್ಟು, ಸುತ್ತ ಕಾಫಿ ಅಂಗಡಿ, ಬಾಡಿಗೆ ಜಾಸ್ತಿ.
‘ದುರ್ಗಿಗುಡಿ’ ಅಂದೆ ನಾನು,
‘ಚಪ್ಪಲಿಗೆ ಅಂತ ಹೋಗಿ ಸೀರೆ ತರೋ ಜಾಗ.’
ಕಬಾನ್ಯಾಲ್: ಬೆಸ್ತರ ಕೇರಿ, ಗೋಡೆಗೆಲ್ಲ ಬಣ್ಣದ ಬಿಲ್ಲೆ,
ಟ್ರಾಮ್ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ನೀರು.
ಇದಕ್ಕೆ ಖಾನೆ ಸಿಗಲಿಲ್ಲ.
ತುಂಗೆಯ ದಂಡೆ ಅನ್ನೋಣವೆಂದರೆ
ತುಂಗೆಗೆ ಆಚೆ ದಡ ಇದೆ.

ಅಗ್ಗದ ಕೋಣೆ ಇದ್ದದ್ದು ಕಾರ್ಮೆನ್‌ನಲ್ಲಿ.
‘ನಿನಗೆ ಗಡಿಯಾರದ ಸದ್ದೂ ಆಗಲ್ಲ’ ಅಂದಳು.
ನೋಡೇ ಬಿಡೋಣ ಎಂದು ಶನಿವಾರ ಸಂಜೆ
ವಿನೋಬನಗರದಿಂದ ಆಟೋ ಹಿಡಿದು
ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿಗೆ ಬಂದೆವು,
ಸೂಟ್‌ಕೇಸ್ ಸಮೇತ.

‘ಯಾವೂರಿಂದ?’
‘ಶಿವಮೊಗ್ಗ.’
‘ಹೋಗೋದು?’
‘ಶಿವಮೊಗ್ಗ.’
ರಿಜಿಸ್ಟರಿನ ಹುಡುಗ ಪೆನ್ನನ್ನು ಕಿವಿಗೆ ಸಿಕ್ಕಿಸಿ
ಆಧಾರ್ ಕಾರ್ಡುಗಳನ್ನು ಬೆಳಕಿಗೆ ಹಿಡಿದ,
ಹುಟ್ಟಿದ ಇಸವಿ ನೋಡಿ, ಕೀ ಕೊಟ್ಟ. ಇನ್ನೂರೇಳು.

ಕಿಟಕಿಗೆ ಚಿಲಕವಿರಲಿಲ್ಲ.
ತೀರ್ಥಹಳ್ಳಿಯ ಬಸ್ಸು ಹಿಂದಕ್ಕೆ ಬರುವಾಗಲೆಲ್ಲ
ಮಂಚದ ಕಾಲು ನಡುಗುತ್ತಿತ್ತು.
ಎರಡು ಗಂಟೆಗೆ ಎದ್ದು ಹೊರಗೆ ನೋಡಿದೆ:
ಗೋಣಿ ಹಾಸಿಕೊಂಡು ಹೂ ಕಟ್ಟುವ ಮೂವರು,
ಅವರ ನಡುವೆ ಟಾರ್ಚ್ ಹಿಡಿದು ನಿದ್ದೆಗಣ್ಣಲ್ಲಿ ಒಂದು ಹುಡುಗಿ.
ಈ ಬೀದಿಯ ಎಷ್ಟು ಕಾಗದ ಎಸೆದಿದ್ದೇನೆ ಖಾನೆಗೆ,
ಇವರ ಹೆಸರಿಗೆ ಒಂದೂ ಬಂದಿರಲಿಲ್ಲ.
ಕೆಳಗೆ ಕಂಡಕ್ಟರು ಯಾರಿಗೋ, ಎಲ್ಲರಿಗೋ,
ಸಾಗರ, ಸಾಗರ, ಸಾಗರ, ಎಂದು ಕೂಗುತ್ತಲೇ ಇದ್ದ.

ಬೆಳಿಗ್ಗೆ ಶಮ್ಶಾದ್ ಹಲ್ಲುಜ್ಜುತ್ತಾ ಬಂದಳು.
‘ಕಬಾನ್ಯಾಲೇ ಇರಲಿ. ದುಡ್ಡು ಹೆಚ್ಚಾದರೆ ಆಗಲಿ.’
‘ಯಾಕೆ, ನಾನು ನಿದ್ದೆ ಮಾಡಲಿಲ್ವಾ?’
‘ಮಾಡಿದೆ. ನಾಲ್ಕು ಗಂಟೆಗೆ
ಕಂಡಕ್ಟರು ಸುಮ್ಮನಾದ ಮೇಲೂ
ನೀನು ಕೂಗುತ್ತಿದ್ದೆ.’

ಹೊರಗೆ ಆಟೋದವನು ಸೂಟ್‌ಕೇಸ್ ನೋಡಿ
ವಿನೋಬನಗರಕ್ಕೆ ಇನ್ನೂರು ಅಂದ.
ನಾವು ಚೌಕಾಸಿಗೆ ಇಳಿಯಲಿಲ್ಲ.
ಪರಸ್ಥಳದವರು,
ಅಷ್ಟು ಕೊಡಲೇಬೇಕು.