ಟವೆಲಿನ ಕೆಳಗೆ

ಬೇಸಗೆಯಲ್ಲಿ ವೇದಾವತಿ ಬರೀ ಮರಳು.
ಚಳ್ಳಕೆರೆಯ ಈಚೆಗೆ, ಆ ಮರಳ ಮೇಲೆ ಎಂಟು ದಿನ ದನದ ಪರಿಷೆ:
ಗೂಟ, ಗಂಜಳ, ಸೊಪ್ಪೆ, ಬೀಡಿ ಹೊಗೆ,
ಕೊಂಬಿಗೆ ಹರಳೆಣ್ಣೆ ಸವರಿ ವಯಸ್ಸು ಕದಿಯುವವರು,
ತುಟಿ ಬಿಡಿಸಿ, ಹಲ್ಲೆಣಿಸಿ, ಕಳವು ಹಿಡಿಯುವವರು.

ಅಪ್ಪ ದಲ್ಲಾಳಿ. ಪಿಂಜಾರರ ಹೊನ್ನೂರ್ ಸಾಬ್ ಅಂದರೆ
ಜಗಳೂರಿಂದ ಹಿರಿಯೂರವರೆಗೆ ಗೊತ್ತು.
ಬಾಯಲ್ಲಿ ಮಳೆ ಬೆಳೆ ಮಾತು;
ವ್ಯಾಪಾರವೆಲ್ಲ ಕೈಮೇಲೆ ಬಿದ್ದ ಟವೆಲಿನ ಕೆಳಗೆ.
ಒಂದು ಬೆರಳು ನೂರು, ಗಿಣ್ಣು ಒತ್ತಿದರೆ ಹತ್ತು,
ಅಂಗೈ ಗೀರಿದರೆ, ಹೋಗಯ್ಯಾ.

ಬುಕ್ಲೂರಹಳ್ಳಿಯ ಮಾರಕ್ಕ ಒಂಟಿ ಎತ್ತು ಹಿಡಿದು ಬಂದಳು.
ಜೊತೆಯದು ಹಾವು ಕಚ್ಚಿ ಹೋಗಿತ್ತು.
ಗಂಡನ ಸುದ್ದಿ ಯಾರೂ ಕೇಳಲಿಲ್ಲ, ಅವಳೂ ಎತ್ತಲಿಲ್ಲ.
ನಾಲ್ಕು ಹಲ್ಲು, ಕೆಟ್ಟ ಸುಳಿಯಿಲ್ಲ,
ದಳವಾಯಿ ಕರಿಯಪ್ಪ ಬಾಲ ತಿರುಚಿ ನೋಡಿ ತಲೆದೂಗಿದ.
ಆದರೆ ಹೆಂಗಸಿನ ಕೈ
ಟವೆಲಿನ ಕೆಳಗೆ ಹಿಡಿಯುವುದು ಹೇಗೆ?
ಬಾಯಿಬಿಟ್ಟರೆ ಪರಿಷೆಗೆಲ್ಲ ಬೆಲೆ ಕೇಳುತ್ತದೆ.

ಅಪ್ಪ ನನ್ನನ್ನು ಕರೆದ. ನನಗಾಗ ಒಂಬತ್ತು.
ಕರಿಯಪ್ಪನ ಬೆರಳು ಅಪ್ಪನಿಗೆ, ಅಪ್ಪನದು ನನಗೆ,
ನನ್ನದು ಸೆರಗಿನ ಮರೆಯಲ್ಲಿ ಮಾರಕ್ಕನಿಗೆ.
ಅವಳಿಗೆ ಸನ್ನೆ ಗೊತ್ತಿತ್ತು.
ಎಷ್ಟು ವರ್ಷ ಗಂಡಸರ ಟವೆಲು ನೋಡುತ್ತ ನಿಂತಿದ್ದಳೋ!

ಎರಡು ಬೆರಳು, ಮೂರು ಗಿಣ್ಣು. ಗೀರಿದಳು.
ಎರಡು ಬೆರಳು, ಐದು ಗಿಣ್ಣು. ಗೀರಿದಳು.
ಆರು.
ಈ ಸಲ ಗೀರಲಿಲ್ಲ. ಬೆರಳು ಬಿಡಲೂ ಇಲ್ಲ.
ಎತ್ತು ನನ್ನ ಕತ್ತಿನ ಬೆವರು ನೆಕ್ಕುತ್ತಿತ್ತು.
ಇನ್ನೊಂದು ಗಿಣ್ಣು ಒತ್ತಿಬಿಟ್ಟೆ,
ಯಾರೂ ಹೇಳದ ಗಿಣ್ಣು.
"ಆಗ್ಲೇಳು" ಅಂದಳು, ನೆಲ ನೋಡಿ.

ದುಡ್ಡೆಣಿಸಿದರೆ ಇನ್ನೂರ ಅರವತ್ತು.
ಮಾರಕ್ಕ ನನ್ನ ಮುಖ ನೋಡಿದಳು. ಅಪ್ಪನೂ.
ಆ ವ್ಯಾಪಾರಕ್ಕೆ ಅವನ ದಲ್ಲಾಳಿ ಐದೇ ರೂಪಾಯಿ.
ಒಳಜೇಬಿಂದ ಹತ್ತರ ನೋಟು ತೆಗೆದು
ಕಂತೆಯಡಿ ತುರುಕಿ, "ಎಣಿಕೆ ತಪ್ಪಿತ್ತಮ್ಮ" ಅಂದ.
ನನಗೆ ಹೊಡೆಯಲಿಲ್ಲ.
ಮತ್ತೆಂದೂ ಪರಿಷೆಗೆ ಕರೆದೊಯ್ಯಲೂ ಇಲ್ಲ.

ಎತ್ತು ಮಾರಿದರೂ ಹಗ್ಗ ಮಾರುವಂತಿಲ್ಲ, ಅದು ಪದ್ಧತಿ.
ಹಳೇ ಕಣ್ಣಿ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿ
ಮಾರಕ್ಕ ಹೊಳೆ ದಾಟಿದಳು.
ಆಚೆ ದಡ ಹತ್ತುವಾಗ ಒಮ್ಮೆ,
ಹಿಂದಿರುವುದನ್ನು ಬಾ ಎನ್ನುವಂತೆ
ಹಗ್ಗ ಎಳೆದುಕೊಂಡಳು,
ಇಲ್ಲ, ಹೆಗಲಿಂದ ಜಾರಿತ್ತೋ ಏನೋ,
ಅಷ್ಟು ದೂರಕ್ಕೆ ನನಗೆ ಕಾಣಲಿಲ್ಲ.