ಐದನೆಯ ಜೇಬು

ಜೀನ್ಸಿಗೆ ಐದು ಜೇಬು. ನಾಲ್ಕು ಎಲ್ಲರಿಗೂ ಗೊತ್ತು.
ಬಲಗಡೆ ದೊಡ್ಡದರ ಒಳಗೆ ಮುದುರಿ ಕೂತ ಸಣ್ಣದು ಯಾಕೆಂದು
ಕೌಲ್ ಬಜಾರಿನಲ್ಲಿ ಯಾರನ್ನು ಕೇಳಿದರೂ ನಗುತ್ತಾರೆ.
ದಿನಕ್ಕೆ ಮುನ್ನೂರು ಹೊಲಿಯುತ್ತೇನೆ ನಾನು, ಅದೊಂದನ್ನೇ.
ಹದಿನಾರು ವರ್ಷ. ಒಂದು ಸಲವೂ ಕೇಳಿಕೊಂಡಿರಲಿಲ್ಲ
ಇದರಲ್ಲಿ ಯಾರು ಏನಿಡುತ್ತಾರೆಂದು.

ಈಗ ಗಂಗೋತ್ರಿಯ ಲಂಗದ ಪಟ್ಟಿಗೆ
ಅದೇ ಅಳತೆ, ಒಂದಿಂಚು ಆಳ ಹೆಚ್ಚು ಬಿಟ್ಟು ಹೊಲಿದೆ.
ಒಳಗೆ ಕೂತಿತು ಪಂಪು.
ಹುಬ್ಬಳ್ಳಿಯ ಯಾರದೋ ಮಗು ಬಳಸಿ ಬಿಟ್ಟದ್ದು,
ಬೆನ್ನ ಮೇಲೆ ಪಿನ್ನಿನಿಂದ ಕೆರೆದ ‘ವಿ’ ಅಕ್ಷರ.
ವಿ, ಎಲ್ಲಿದ್ದೀಯೋ, ಹೊಸದು ಸಿಕ್ಕಿರಬೇಕು ನಿನಗೆ.
ಸಿಕ್ಕಿದೆ ಎಂದೇ ಅಂದುಕೊಂಡಿದ್ದೇವೆ.

ಇದಕ್ಕೆ ಮೊದಲು ನಾನೇ ಪಂಪು.
ಮೂರು ಗಂಟೆಗೆ ಗಡಿಯಾರ ಒದರುವ ಮುಂಚೆಯೇ ಎದ್ದು
ಟಾರ್ಚು ಬಾಯಲ್ಲಿ ಕಚ್ಚಿ, ಮಲಗಿದವಳ ಬೆರಳು ಹಿಂಡಿ
ಒಂದು ಹನಿ. ಅರವತ್ತೆರಡು.
ಎಬ್ಬಿಸಿ ಕೂರಿಸಿದರೆ ಕಣ್ಣು ಮುಚ್ಚಿಕೊಂಡೇ
ಸಕ್ಕರೆ ನೀರು ಗುಟುಕರಿಸಿ ಬೈಯುತ್ತಿದ್ದಳು.
ಅವಳ ಬೆರಳ ತುದಿಯೂ ನನ್ನದೂ ಒಂದೇ ಥರ ಒರಟು,
ಕತ್ತಲಲ್ಲಿ ಮುಟ್ಟಿದರೆ ಯಾರದು ಯಾವುದೆಂದು ಹೇಳಲಾಗದು.

ಪಂಪು ಬಂದ ಮೊದಲ ರಾತ್ರಿ
ಎದ್ದು ಕೂತೆ. ಏನೂ ಆಗಲಿಲ್ಲ.
ಗೆರೆ ಇಳಿಯುವುದನ್ನು ಅದು ನನಗಿಂತ ಮೊದಲೇ ಕಂಡು
ಔಷಧ ತಡೆದು, ಐದು ನಿಮಿಷ ನೋಡಿ, ಮತ್ತೆ ಐದು,
ತೊಂಬತ್ತೆಂಟಕ್ಕೆ ನಿಲ್ಲಿಸಿ, ಒಂದು ಮಾತೂ ಆಡಲಿಲ್ಲ.
ಫ್ಯಾನು ತಿರುಗುತ್ತಿತ್ತು. ಕೈಯಲ್ಲಿ ಟಾರ್ಚು.
ಪೀಸಿನ ಕೆಲಸ ಹೋದವನ ಹಾಗೆ ಕೂತಿದ್ದೆ.
“ಮಲಕ್ಕೋ ಎರ್ರಿಸ್ವಾಮಿ” ಅಂದಳು ಅವ್ವ ಮಂಚದಿಂದ,
“ಈಗ ಅದು ಕಾಯ್ತೈತಲ್ಲ.”

ಆದರೆ ಅದಕ್ಕೂ ಎಲ್ಲ ಗೊತ್ತಿಲ್ಲ.
ತಿನ್ನುವ ಮುಂಚೆ ಕೇಳುತ್ತದೆ: ಎಷ್ಟು ಗ್ರಾಂ?
ಒಗ್ಗರಣಿ ಮಂಡಕ್ಕಿಗೆ ಎಷ್ಟು ಗ್ರಾಂ, ಸ್ವಾಮಿ?
ಅವ್ವ ಸೇರು ಅನ್ನುತ್ತಾಳೆ, ಡಾಕ್ಟರು ಬಟ್ಟಲು,
ಮಿರ್ಚಿ ಒಂದೋ ಎರಡೋ ಅನ್ನುವುದರಲ್ಲೇ ಜಗಳ.
ಇಪ್ಪತ್ತೈದು ಅಂತ ಒತ್ತಿ ನಲವತ್ತು ತಿಂದು
ಗಂಗೋತ್ರಿ ಸಿಕ್ಕಿಬೀಳುವುದು ಒಂದೂವರೆ ಗಂಟೆಯಾದ ಮೇಲೆ,
ಬಾಣದ ಗುರುತು ನೆಟ್ಟಗೆ ಮೇಲಕ್ಕೆ.

ಮೇ ತಿಂಗಳು. ನಲವತ್ಮೂರು ಡಿಗ್ರಿ, ಕರೆಂಟಿಲ್ಲ.
ಫ್ರಿಜ್ಜು ನಂಬದೆ ಔಷಧದ ಸೀಸೆ ಮಡಕೆಯೊಳಗೆ,
ಮಡಕೆ ಹಸಿ ಮರಳಿನೊಳಗೆ, ಮೇಲೊಂದು ತೊಯ್ದ ಗೋಣಿ.
ಆ ಸಂಜೆ ಮುನ್ನೂರ ಹತ್ತು. ಮುನ್ನೂರ ನಲವತ್ತು.
ಪಂಪು ಬಿಡುತ್ತಲೇ ಇದೆ, ಲೆಕ್ಕ ಸರಿಯಾಗೇ ಇದೆ,
ಬಿಟ್ಟದ್ದೆಲ್ಲ ಮೈ ಸೇರಿತೆಂದೇ ಅದರ ನಂಬಿಕೆ.
ಹುಡುಗಿ ಚೊಂಬುಗಟ್ಟಲೆ ನೀರು ಕುಡಿದು ಗೋಡೆಗೆ ಒರಗಿದ್ದಳು.
ಹತ್ತಿರ ಕೂತೆ. ವಾಸನೆ ಬಂತು,
ಆಸ್ಪತ್ರೆಯ ಗಾಯದ ಪಟ್ಟಿಯ ವಾಸನೆ.
ಮುಟ್ಟಿದರೆ ಜೇಬಿನ ಹತ್ತಿರ ಬಟ್ಟೆ ಹಸಿ.
ಬಚ್ಚಲ ಚಿಲಕಕ್ಕೆ ನಳಿಕೆ ಸಿಕ್ಕಿ ಸೆಟ್ಟು ಕಿತ್ತು ಬಂದಿತ್ತು.
ಎರಡು ಗಂಟೆಯಿಂದ ಅದು
ಲಂಗಕ್ಕೆ ಔಷಧ ಕುಡಿಸುತ್ತಿತ್ತು, ಶ್ರದ್ಧೆಯಿಂದ.

ಬಟ್ಟೆಯ ವಿಷಯ ನನ್ನದು.
ಸಿರಿಂಜಿನಲ್ಲಿ ಕೊಟ್ಟು, ಹೊಸ ಸೆಟ್ಟು ಹಾಕಿ,
ಇನ್ನೂರಕ್ಕೆ ಇಳಿಯುವವರೆಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.
ಆಮೇಲೆ ಮಷೀನಿಗೆ ಕೂತು ನಳಿಕೆಗೊಂದು ಲೂಪು ಹಾಕಿದೆ,
ಬೆಲ್ಟಿಗೆ ಹಾಕುವಂಥದ್ದೇ, ಎರಡು ಸಲ ಟ್ಯಾಕು ಹೊಡೆದು.

“ಎಡಗಡೆನೂ ಒಂದು ಜೇಬು ಇಡಪ್ಪ” ಅಂದಳು.
“ಯಾಕೆ, ಗ್ಲೂಕೋಸ್ ಪುಡಿಗಾ?”
“ಏನೂ ಇಡಲ್ಲ.
ಸುಮ್ನೆ ಕೈ ಹಾಕ್ಕೊಂಡು ಓಡಾಡೋಕೆ.”