ಅಡಾಪ್ಟರು

ಮಗಳ ಹಳೆಯ ಗಣಿತದ ಪುಸ್ತಕದ ಕೊನೆಯ ಹಾಳೆಗೆ
ಎರಡು ಉದ್ದಗೆರೆ ಎಳೆದು ಮೂರು ಮನೆ ಮಾಡಿದ್ದೇನೆ:
ಒಯ್ಯುವುದು, ಮಾರುವುದು, ಕೊಟ್ಟುಬಿಡುವುದು.
ನಾಲ್ಕನೆಯದೊಂದು ಬೇಕಿತ್ತು,
ಅದಕ್ಕೇನು ಹೆಸರೋ ಹೊಳೆಯುತ್ತಿಲ್ಲ.

ಸೊಹಾರಿನಿಂದ ಜಾಮ್‌ನಗರಕ್ಕೆ.
ಇಲ್ಲಿಯ ರಿಫೈನರಿ ಬಿಟ್ಟು ಅಲ್ಲಿಯ ರಿಫೈನರಿಗೆ,
ಇವರಿಗೆ ಹೆಲ್ಮೆಟ್ಟಿನ ಬಣ್ಣವಷ್ಟೇ ಬದಲು.
ಊಟವಾದ ಮೇಲೆ ಕೂತು ಗ್ರಾಚ್ಯುಟಿ ಲೆಕ್ಕ ಹಾಕುತ್ತಾರೆ,
ರಿಯಾಲನ್ನು ರೂಪಾಯಿಗೆ ಗುಣಿಸಿ ಒಮ್ಮೆ ನಗುತ್ತಾರೆ,
ಆಮೇಲೆ ಸುಮ್ಮನಾಗುತ್ತಾರೆ.
ಮುಂದಿನ ತಿಂಗಳಿಂದ ಗುಣಿಸಲಿಕ್ಕೆ ಏನೂ ಇರುವುದಿಲ್ಲ.

"ಅಂತೂ ಊರಿಗೆ ಬಂದ್ರಲ್ಲವಾ!" ಅಂತಾಳೆ ಫೋನಿನಲ್ಲಿ
ಕೊಟ್ಟೂರಿನ ಪಾರ್ವತಕ್ಕ.
ಯಾವ ಊರಿಗೆ?
ಮಸ್ಕತ್ತಿನಲ್ಲಿ ರಾತ್ರಿ ವಿಮಾನ ಹತ್ತಿದರೆ
ಮರುದಿನದ ಸಂಜೆ ಚಹಾಕ್ಕೆ ಅವಳ ಕಟ್ಟೆಯ ಮೇಲಿರುತ್ತಿದ್ದೆ.
ಜಾಮ್‌ನಗರದಿಂದ ಎರಡು ರಾತ್ರಿ, ಮೂರು ಗಾಡಿ.
ಹತ್ತಿರ ಬರುತ್ತ ಬರುತ್ತ ದೂರಾಗುವ ಲೆಕ್ಕ ಇದು.
"ಹೂಂನಕ್ಕಾ" ಅಂದೆ, ಅಷ್ಟೇ.

ಕಾರ್ಗೋದ ಕುಂಞಿಮೊಯ್ದೀನ್ ಟೇಪು ಬಿಚ್ಚಲೇ ಇಲ್ಲ.
ಸಾವಿರ ಮನೆ ಅಳೆದ ಕಣ್ಣು ಅದು,
ಬಾಗಿಲಲ್ಲೇ ನಿಂತು ನಮ್ಮ ಹನ್ನೊಂದು ವರ್ಷ
ನಾಲ್ಕೂವರೆ ಘನ ಮೀಟರು ಅಂದ.
"ಸೋಫಾ ಬೇಡ ಚೇಚಿ,
ಕಂಟೇನರಿನಲ್ಲಿ ಗಾಳಿಗೂ ಬಾಡಿಗೆ."

ಮಿಕ್ಸಿ ಮಾತ್ರ ಒಯ್ಯುವುದೇ. ಮದುವೆಯದು.
ಈ ಗೋಡೆಯ ಚೌಕ ತೂತುಗಳಿಗೆ
ಅದರ ಗುಂಡು ಕಾಲು ಒಂದು ದಿನವೂ ಹೊಂದಲಿಲ್ಲ,
ಅಡಾಪ್ಟರಿನ ಹೆಗಲೇರಿಯೇ ಶೇಂಗಾ ಅರೆಯಿತು,
ಬಳ್ಳೊಳ್ಳಿ ಅರೆಯಿತು.
ಹಾಕಿದಾಗೆಲ್ಲ ಒಂದು ಕಿಡಿ, ಪ್ಲಾಸ್ಟಿಕ್ಕು ಸುಟ್ಟ ಘಮಟು.
ಚಟ್ನಿಯ ವಾಸನೆಯೇ ಹಾಗೆ ಅಂದುಕೊಂಡಿದ್ದಾಳೆ ಸಂಪದಾ.
ಇನ್ನು ಅಲ್ಲಿ ನೇರ ಗೋಡೆಗೇ ಕಾಲೂರುತ್ತದೆ ಪುಣ್ಯಾತ್ಮ.

"ಹಂಗಾರ ನನ್ನ ಆಮಿ?"
ಸೂಕಿನಲ್ಲಿ ಕೊಂಡದ್ದು, ಹಸಿರು ಆಮೆಯ ದೀಪ,
ಅದಿಲ್ಲದೆ ಇವಳಿಗೆ ನಿದ್ದೆ ಇಲ್ಲ.
"ಅದರದು ಚೌಕ ಕಾಲು ಕಂದಾ,
ಅಲ್ಲಿ ಅದಕ್ಕ ಅಡಾಪ್ಟರು ಬೇಕು."
ಇಲ್ಲಿಯ ಆಸ್ಪತ್ರೆಯಲ್ಲೇ ಕಣ್ಣು ಬಿಟ್ಟವಳು
ವೈರಿನ ತುದಿ ಹಿಡಿದು ಮೂರೂ ಕಾಲು ಮುಟ್ಟಿ ನೋಡಿದಳು.
ಏನೂ ಅನ್ನಲಿಲ್ಲ.

ಮಲಗುವ ಮುಂಚೆ ನಕಾಶೆಯಲ್ಲಿ ತೋರಿಸಿದೆ,
ಇಲ್ಲಿರೋದು, ಇಲ್ಲಿಗೆ ಹೋಗೋದು.
"ಅಲ್ಲೂ ಸಮುದ್ರ ಒಳಗ ಬಂದೈತಿ."
"ಹೌದು, ಅದೂ ಕೊಲ್ಲಿನೇ. ಕಚ್ಛದ ಕೊಲ್ಲಿ."
"ಮತ್ತ ಊರಾಗ ನಮಗ ಗಲ್ಫಿನವ್ರು ಅಂತಾರಲ್ಲ,
ಅಲ್ಲಿಗೆ ಹೋದ್ಮ್ಯಾಲೂ ಹಂಗ ಅಂತಾರೇನು?"
ಇವರು ಟೀವಿಯ ಸದ್ದು ಸ್ವಲ್ಪ ಹೆಚ್ಚು ಮಾಡಿದರು.

ಕರಿಬೇವಿನ ಕುಂಡ ಪಕ್ಕದ ಮನೆಯ ಮಹ್‌ಗುಲ್ ಅಜ್ಜಿಗೆ.
ಬಲೂಚಿ ಬೆರೆತ ಹಿಂದಿಯಲ್ಲಿ
ಎಷ್ಟು ಕೊಡಲಿ ಅಂದಳು, ಬೇಡ ಅಂದೆ.
ಒಳಗೆ ಹೋಗಿ ಬೊಗಸೆ ತುಂಬ ಒಣ ನಿಂಬೆ ತಂದಳು,
ಕರ್ರಗೆ, ಗೋಲಿಯಂಥವು, ಅಲ್ಲಾಡಿಸಿದರೆ ಒಳಗೆ ಬೀಜದ ಸದ್ದು.
"ಕಸ್ಟಮ್ಸಿನವರು ಕೇಳಿದರೆ ಔಷಧಿ ಅನ್ನು."
ಗಿಡಕ್ಕೆ ಮಜ್ಜಿಗೆ ಹಾಕಬೇಕು ಅಂತ ನಾನು ಹೇಳುವುದರೊಳಗೆ
ಅವಳು ಕುಂಡವನ್ನು ಸೊಂಟಕ್ಕೇರಿಸಿಕೊಂಡು
ಮೆಟ್ಟಿಲಿಳಿಯುತ್ತಿದ್ದಳು.

ಹಾಳೆ ಹೆಚ್ಚುಕಡಿಮೆ ತುಂಬಿದೆ.
ಅಡಾಪ್ಟರೊಂದು ಯಾವ ಮನೆಯಲ್ಲೂ ಕೂರುತ್ತಿಲ್ಲ.
ಒಯ್ದರೆ ಆಮೆಗೂ ಬಾರದು, ಅದರ ಬಾಯಿ ಉಲ್ಟಾ.
ಮಾರಿದರೆ ಇನ್ನೂರು ಬೈಸಾ ಹುಟ್ಟದು.
ಯಾರಿಗಾದರೂ ಕೊಡೋಣವೆಂದರೆ
ಒಂದು ಬದಿ ಕಪ್ಪಗೆ ಕರಗಿದೆ.
ಕೀಳಲು ಹೋದೆ,
ಮತ್ತೆ ಒತ್ತಿ ಕೂರಿಸಿದೆ.
ಇನ್ನೂ ಹದಿನೇಳು ದಿನ ಇವೆ,
ನಾಳೆ ಬೆಳಗ್ಗೆ ಚಟ್ನಿಗೆ ಬೇಕು.